ಟೇಪು ಹಿಡಿದು ಹೋದವರು ಯಾರು?
ದೂರದ ಗೆಲಾಕ್ಸಿಗಳನ್ನು ಅಳೆದ ಕಥೆ

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)

 



ಆಕಾಶದ ಪಾಠ ಬಂದಾಗಲೆಲ್ಲ ನಮ್ಮ ಭಾಗದ ಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ. "ಅಷ್ಟ ದೂರ ಟೇಪ್ ಹಿಡಕೊಂಡು ಯಾರ್ ಹೋಗಿದ್ರಿ?" ಹಿರಿಯರೂ ಇದನ್ನೇ ಕೇಳುತ್ತಾರೆ, ಕೇಳಿ ನಗುತ್ತಾರೆ. ನಗುವ ಪ್ರಶ್ನೆ ಇದಲ್ಲ. ಇದು ಬಹಳ ಒಳ್ಳೆಯ ಪ್ರಶ್ನೆ. ಪುಸ್ತಕದಲ್ಲಿ 25 ಲಕ್ಷ ಜ್ಯೋತಿರ್ವರ್ಷ ಎಂದು ಬರೆದಿದ್ದರೆ, ಅದನ್ನು ಬಾಯಿಪಾಠ ಮಾಡುವ ಮಗುವಿಗಿಂತ, "ಅದು ಹೇಗೆ ಗೊತ್ತಾಯಿತು?" ಎಂದು ಕೇಳುವ ಮಗು ಒಂದು ಹೆಜ್ಜೆ ಮುಂದಿದೆ. ಇಂದಿನ ನನ್ನ ಮಾತು ಆ ಮಗುವಿಗೆ ಕೊಡುವ ಉತ್ತರ.

ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಆದ್ದರಿಂದ ಮಾತಿನಿಂದಲೇ ಆರಂಭಿಸುತ್ತೇನೆ.

ನಮ್ಮ ಮನೆಯಲ್ಲೇ ಇರುವ ನಕ್ಷತ್ರಗಳು

ಗೆಲಾಕ್ಸಿಗೆ ಉರ್ದುವಿನಲ್ಲಿ ಕಹಕಶಾಂ ಎನ್ನುತ್ತೇವೆ. ಇದು ಫಾರಸಿ ಶಬ್ದ. 'ಕಾಹ್' ಎಂದರೆ ಹೊಟ್ಟು, ಒಣಹುಲ್ಲು. 'ಕಶ್' ಎಂದರೆ ಎಳೆಯುವುದು. ಸುಗ್ಗಿಯಲ್ಲಿ ಹೊಟ್ಟು ತುಂಬಿದ ಬಂಡಿ ಹೋದ ದಾರಿಯುದ್ದಕ್ಕೂ ಒಂದು ಬಿಳಿ ಗೆರೆ ಉದುರಿಕೊಂಡು ಹೋಗುತ್ತದಲ್ಲ, ಅದೇ ಕಹಕಶಾಂ. ಈ ಶಬ್ದದ ಅರ್ಥವನ್ನು ಪೇಟೆಯವರಿಗೆ ವಿವರಿಸಿ ಹೇಳಬೇಕು. ಜೋಳದ ಸೀಮೆಯ ನಮಗೆ ಹೇಳಬೇಕಾಗಿಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಸುರಯ್ಯಾ ಎಂದು ಹೆಸರಿಡುತ್ತೇವೆ. ಸುರಯ್ಯಾ ಎಂದರೆ ಕೃತ್ತಿಕಾ ನಕ್ಷತ್ರಪುಂಜ. ಅದರ ಹಿಂದೆಯೇ ಮೂಡುವ ಕೆಂಪು ನಕ್ಷತ್ರಕ್ಕೆ ಅರಬರು 'ಅದ್ದಬರಾನ್', ಅಂದರೆ 'ಹಿಂಬಾಲಿಸುವವನು' ಎಂದು ಹೆಸರಿಟ್ಟರು. ಇಂದಿಗೂ ಜಗತ್ತಿನ ಎಲ್ಲ ಖಗೋಳ ಪುಸ್ತಕಗಳಲ್ಲಿ ಅದರ ಹೆಸರು ಅಲ್ಡೆಬರಾನ್. ನಮ್ಮ ರೈತರಿಗೆ ಅದೇ ರೋಹಿಣಿ, ರೋಹಿಣಿ ಮಳೆಗೆ ಹೆಸರು ಕೊಟ್ಟ ನಕ್ಷತ್ರ. ಒಂದೇ ನಕ್ಷತ್ರವನ್ನು ಅರಬ ಒಂಟೆಯ ಮೇಲೆ ಕುಳಿತು ನೋಡಿದ, ನಮ್ಮ ರೈತ ಬಿತ್ತುವ ಹೊಲದಲ್ಲಿ ನಿಂತು ನೋಡಿದ.

ಹೆಸರಿಟ್ಟದ್ದಾಯಿತು. ಆದರೆ ಅದು ಎಷ್ಟು ದೂರ? ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ. ಚಂದ್ರನಿಂದ ಇಲ್ಲಿಗೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು; ಸೂರ್ಯನಿಂದ 8 ನಿಮಿಷ 20 ಸೆಕೆಂಡು. ಅದೇ ಬೆಳಕು ಒಂದು ವರ್ಷ ಎಲ್ಲಿಯೂ ನಿಲ್ಲದೆ ಓಡಿದರೆ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿ.ಮೀ. ಆಗುತ್ತದೆ. ಅದು ಒಂದು ಜ್ಯೋತಿರ್ವರ್ಷ. ಈ ರಾತ್ರಿ ರೋಹಿಣಿಯನ್ನು ನೋಡಿದರೆ, ಇಂದಿನ ಅಜ್ಜ ತೊಟ್ಟಿಲ ಕೂಸಾಗಿದ್ದಾಗ ಅಲ್ಲಿಂದ ಹೊರಟ ಬೆಳಕು ನಿಮ್ಮ ಕಣ್ಣಿಗೆ ಬೀಳುತ್ತಿದೆ.

ಮೊದಲ ಮೆಟ್ಟಿಲು: ಎರಡು ಕಡೆಯಿಂದ ನೋಡುವುದು

ದೂರ ಅಳೆಯುವ ಕೆಲಸ ಮಾಳಿಗೆಗೆ ಹತ್ತಿದಂತೆ. ಒಂದೇ ಜಿಗಿತಕ್ಕೆ ಮೇಲೆ ಹೋಗಲು ಯಾರಿಗೂ ಆಗಲಿಲ್ಲ. ಒಂದು ಮೆಟ್ಟಿಲ ಮೇಲೆ ನಿಂತು ಮುಂದಿನ ಮೆಟ್ಟಿಲು ಕಟ್ಟಿದರು.

ಮೊದಲ ಮೆಟ್ಟಿಲನ್ನು ನೀವು ಈಗಲೇ ಪರೀಕ್ಷಿಸಬಹುದು. ಹೆಬ್ಬೆರಳನ್ನು ಮುಂದೆ ಚಾಚಿ, ಮೊದಲು ಎಡಗಣ್ಣು, ನಂತರ ಬಲಗಣ್ಣು ಮುಚ್ಚಿ ನೋಡಿರಿ. ಬೆರಳು ಜಿಗಿದಂತೆ ಕಾಣುತ್ತದೆ. ಬೆರಳು ಹತ್ತಿರ ತಂದರೆ ಹೆಚ್ಚು ಜಿಗಿಯುತ್ತದೆ, ದೂರ ಒಯ್ದರೆ ಕಡಿಮೆ. ವಿಜಯಪುರಕ್ಕೆ ಹೋಗುವ ರೈಲಿನ ಕಿಟಕಿಯಲ್ಲೂ ಇದೇ ಆಗುತ್ತದೆ. ಹಳಿಯ ಪಕ್ಕದ ಕಂಬಗಳು ಓಡಿಹೋಗುತ್ತವೆ, ದೂರದ ಗೋಳಗುಮ್ಮಟ ಇದ್ದಲ್ಲೇ ಇರುತ್ತದೆ. ಎಷ್ಟು ಸರಿಯಿತು ಎಂಬುದನ್ನು ಅಳೆದರೆ ಎಷ್ಟು ದೂರ ಎಂಬುದು ತ್ರಿಕೋನದ ಲೆಕ್ಕದಿಂದ ಸಿಗುತ್ತದೆ. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ.

ನಕ್ಷತ್ರಗಳಿಗೆ ನಮ್ಮ ಎರಡು ಕಣ್ಣಿನ ಅಂತರ ಸಾಲದು. ಆದರೆ ಭೂಮಿ ಸೂರ್ಯನನ್ನು ಸುತ್ತುತ್ತದೆ. ಜನವರಿಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ನೋಡಿದರೆ ನಮ್ಮ ಎರಡು 'ಕಣ್ಣು'ಗಳ ನಡುವೆ 30 ಕೋಟಿ ಕಿ.ಮೀ. ಅಂತರ ಇರುತ್ತದೆ. 1838ರಲ್ಲಿ ಜರ್ಮನಿಯ ಬೆಸೆಲ್ ಎಂಬ ವಿದ್ವಾಂಸ ಹಂಸ ರಾಶಿಯ ಒಂದು ಮಂದ ನಕ್ಷತ್ರದ ದೂರವನ್ನು ಹೀಗೆ ಅಳೆದ. ಅದು ಸುಮಾರು 11 ಜ್ಯೋತಿರ್ವರ್ಷ. ಅವನು ಅಳೆದ ಕೋನ ಎಷ್ಟು ಸಣ್ಣದು ಗೊತ್ತೆ? ಒಂದು ರೂಪಾಯಿ ನಾಣ್ಯವನ್ನು ಸುಮಾರು 15 ಕಿ.ಮೀ. ದೂರದಲ್ಲಿಟ್ಟು ನೋಡಿದಷ್ಟು!

ಇಲ್ಲಿ ನಮ್ಮವರನ್ನೂ ನೆನೆಯಬೇಕು. ಬೆಸೆಲ್‌ಗಿಂತ ಎಂಟು ನೂರು ವರ್ಷ ಮೊದಲು ಅಲ್ ಬಿರೂನಿ ಪಂಜಾಬಿನ ನಂದನಾ ಕೋಟೆಯ ಬಳಿ ಒಂದು ಬೆಟ್ಟದ ಎತ್ತರವನ್ನೂ, ಅದರ ತುದಿಯಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆ ಎಂಬ ಕೋನವನ್ನೂ ಅಳೆದು, ಇಡೀ ಭೂಮಿಯ ಗಾತ್ರವನ್ನು ಲೆಕ್ಕ ಹಾಕಿದ. ಊರುಗಳ ನೆಲೆಯನ್ನು ಗಣಿತದಿಂದ ಗೊತ್ತುಮಾಡಿ ಕಿಬ್ಲಾದ ದಿಕ್ಕನ್ನು ನಿಖರವಾಗಿ ತಿಳಿಯುವ ಬಗ್ಗೆ ಗ್ರಂಥವನ್ನೇ ಬರೆದ. ನಮಾಜಿಗೆ ನಿಲ್ಲುವ ದಿಕ್ಕು ಸರಿಯಾಗಿರಬೇಕೆಂಬ ಕಾಳಜಿಯೇ ಅವನನ್ನು ಅಳತೆಗೆ ಹಚ್ಚಿತು.

ಎರಡನೆಯ ಮೆಟ್ಟಿಲು: ದೀಪದ ಲೆಕ್ಕ

ದೂರ ಹೆಚ್ಚಿದಂತೆ ನಕ್ಷತ್ರ ಸರಿಯುವುದು ಎಷ್ಟು ಕಡಿಮೆಯಾಗುತ್ತದೆಂದರೆ, ಅದನ್ನು ಅಳೆಯಲು ಆಗುವುದಿಲ್ಲ. ಆಗ ಏನು ಮಾಡುವುದು?

ರಮಜಾನ್ ತಿಂಗಳಲ್ಲಿ ಮಿನಾರಿನ ಮೇಲೆ ಹಚ್ಚುವ ದೀಪವನ್ನು ನೆನೆಯಿರಿ. ಎರಡು ಊರುಗಳ ಮಿನಾರಿನ ಮೇಲೆ ಒಂದೇ ವ್ಯಾಟಿನ ಬಲ್ಬು ಇವೆ ಎಂದುಕೊಳ್ಳಿ. ಒಂದು ಪ್ರಕಾಶಮಾನವಾಗಿ, ಇನ್ನೊಂದು ಮಂದವಾಗಿ ಕಂಡರೆ ಮಂದವಾದದ್ದು ದೂರದ್ದು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗ. ಇದು ತಪ್ಪದ ನಿಯಮ. ಆದರೆ ಬಲ್ಬು ಎಷ್ಟು ವ್ಯಾಟಿನದು ಎಂಬುದು ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಹತ್ತಿರದ ಚಿಮಣಿ ದೀಪವನ್ನೂ ದೂರದ ಲಾರಿಯ ಹೆಡ್‌ಲೈಟನ್ನೂ ಒಂದೇ ಎಂದು ತಿಳಿದು ಮೋಸ ಹೋಗುತ್ತೇವೆ. ಹಾಗಾದರೆ ನಕ್ಷತ್ರದ 'ವ್ಯಾಟ್' ಬರೆದ ಚೀಟಿ ಎಲ್ಲಿದೆ?

ಅದನ್ನು ಓದಿದವಳು ಹೆನ್ರಿಯೆಟ್ಟಾ ಲೆವಿಟ್ ಎಂಬ ಹೆಣ್ಣುಮಗಳು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೋ ತಟ್ಟೆಗಳ ಮೇಲಿನ ಚುಕ್ಕೆಗಳನ್ನು ಎಣಿಸುವುದು ಅವಳ ಕೆಲಸ. ಗಂಟೆಗೆ 30 ಸೆಂಟು ಕೂಲಿ. ಅವಳಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ದೂರದರ್ಶಕ ನಡೆಸುವ ಕೆಲಸವನ್ನು ಆ ಕಾಲದಲ್ಲಿ ಹೆಂಗಸರಿಗೆ ಕೊಡುತ್ತಿರಲಿಲ್ಲ. ಆದರೂ ಸೆಫೀಡ್ ಎಂಬ ಜಾತಿಯ ನಕ್ಷತ್ರಗಳ ಬೆಳಕು ಏರುತ್ತ ಇಳಿಯುತ್ತ ಇರುವುದನ್ನು ಅವಳು ತಾಳ್ಮೆಯಿಂದ ಗುರುತಿಸಿದಳು. 1912ರಲ್ಲಿ 25 ಸೆಫೀಡ್‌ಗಳನ್ನು ಹೋಲಿಸಿ ಒಂದು ನಿಯಮ ಪ್ರಕಟವಾಯಿತು: ಹೆಚ್ಚು ಪ್ರಕಾಶದ ಸೆಫೀಡ್ ನಿಧಾನವಾಗಿ ಮಿಡಿಯುತ್ತದೆ, ಕಡಿಮೆ ಪ್ರಕಾಶದ್ದು ಬೇಗ ಮಿಡಿಯುತ್ತದೆ.

ಪಂಚಮಿಯ ಜೋಕಾಲಿಯನ್ನು ನೋಡಿರಿ. ಉದ್ದ ಹಗ್ಗದ ಜೋಕಾಲಿ ನಿಧಾನವಾಗಿ ಹೋಗಿ ಬರುತ್ತದೆ, ಗಿಡ್ಡ ಹಗ್ಗದ್ದು ಬೇಗ ಬೇಗ. ಕಣ್ಣು ಮುಚ್ಚಿಕೊಂಡು ಜೋಕಾಲಿಯ ಕಿರುಗುಟ್ಟುವ ಸಪ್ಪಳ ಎಣಿಸಿದರೂ ಹಗ್ಗದ ಉದ್ದ ಹೇಳಬಹುದು. ಹಾಗೆಯೇ ಸೆಫೀಡ್ ಎಷ್ಟು ದಿನಕ್ಕೊಮ್ಮೆ ಮಿಡಿಯುತ್ತದೆ ಎಂದು ಎಣಿಸಿದರೆ ಅದರ ನಿಜವಾದ ಪ್ರಕಾಶ ತಿಳಿಯುತ್ತದೆ. ಕಾಣುವ ಪ್ರಕಾಶಕ್ಕೆ ಅದನ್ನು ಹೋಲಿಸಿದರೆ ದೂರ ಸಿಗುತ್ತದೆ. ಚೀಟಿ ಸಿಕ್ಕಿತು!

ಅಲ್ ಸೂಫಿಯ ಪುಟ್ಟ ಮೋಡ

ಸಾ.ಶ. 964ರ ಸುಮಾರಿಗೆ ಇರಾನಿನಲ್ಲಿ ಅಬ್ದುರ್ರಹ್ಮಾನ್ ಅಲ್ ಸೂಫಿ ಸ್ಥಿರ ನಕ್ಷತ್ರಗಳ ಬಗ್ಗೆ ಒಂದು ಗ್ರಂಥ ಬರೆದ. ಅದರಲ್ಲಿ ಆಂಡ್ರೊಮಿಡಾ ರಾಶಿಯಲ್ಲಿ ಕಾಣುವ ಒಂದು ಪುಟ್ಟ ಮೋಡವನ್ನು ಗುರುತಿಸಿದ. ನಮಗೆ ದೊರೆತಿರುವ ಬರಹಗಳಲ್ಲಿ, ನಮ್ಮ ಆಕಾಶಗಂಗೆಗೆ ಹೊರಗಿರುವ ಒಂದು ದೊಡ್ಡ ಗೆಲಾಕ್ಸಿಯನ್ನು ಕಂಡು ಬರೆದಿಟ್ಟ ಅತ್ಯಂತ ಹಳೆಯ ಖಚಿತ ದಾಖಲೆ ಇದೇ ಎಂದು ವಿದ್ವಾಂಸರು ಗೌರವಿಸುತ್ತಾರೆ. ದೂರದರ್ಶಕವಿಲ್ಲ, ಫೋಟೋ ಇಲ್ಲ. ಬರಿಗಣ್ಣು ಮತ್ತು ನಿಷ್ಠೆ ಅಷ್ಟೆ.

ಆದರೆ ಆ ಮೋಡ ಏನು, ಎಷ್ಟು ದೂರ ಎಂಬುದು ಅಲ್ಲಿಂದ 950ಕ್ಕೂ ಹೆಚ್ಚು ವರ್ಷ ಯಾರಿಗೂ ತಿಳಿಯಲಿಲ್ಲ. 1920ರಲ್ಲಿ ಕೂಡ ದೊಡ್ಡ ವಿಜ್ಞಾನಿಗಳು ಇದರ ಮೇಲೆ ವಾದ ಮಾಡುತ್ತಿದ್ದರು. ಇಂಥ ಮೋಡಗಳು ನಮ್ಮ ಆಕಾಶಗಂಗೆಯೊಳಗೇ ಇವೆ ಎಂದು ಒಬ್ಬರು, ಹೊರಗಿವೆ ಎಂದು ಇನ್ನೊಬ್ಬರು. 1923ರ ಅಕ್ಟೋಬರಿನಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ನೂರು ಇಂಚಿನ ದೂರದರ್ಶಕದಿಂದ ಎಡ್ವಿನ್ ಹಬಲ್ ಆ ಮೋಡದೊಳಗೆ ಒಂದು ಸೆಫೀಡ್ ನಕ್ಷತ್ರವನ್ನು ಕಂಡ. ಅದು ಸುಮಾರು 31 ದಿನಕ್ಕೊಮ್ಮೆ ಮಿಡಿಯುತ್ತಿತ್ತು. ಲೆವಿಟ್‌ಳ ನಿಯಮ ಹಚ್ಚಿ ನೋಡಿದರೆ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಬಂತು. ನಮ್ಮ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅಂದರೆ ಆ ಪುಟ್ಟ ಮೋಡ ನಮ್ಮ ಅಂಗಳದ್ದಲ್ಲ, ಬೇರೆಯೇ ಒಂದು ಕಹಕಶಾಂ. ವಾದ ಮುಗಿಯಿತು.

ಹಬಲ್‌ನ ಅಂಕಿ ಮಾತ್ರ ಸರಿ ಇರಲಿಲ್ಲ. 1952ರಲ್ಲಿ ವಾಲ್ಟರ್ ಬಾಡೆ ಎಂಬ ವಿಜ್ಞಾನಿ, ಇಂಥ ಮಿಡಿಯುವ ನಕ್ಷತ್ರಗಳಲ್ಲಿ ಎರಡು ಬಗೆ ಇವೆ, ಅವೆರಡನ್ನು ಒಂದೇ ಎಂದು ತಿಳಿದದ್ದರಿಂದ ದೂರ ಕಡಿಮೆ ಬಂದಿದೆ ಎಂದು ತೋರಿಸಿಕೊಟ್ಟ. ಗೆಲಾಕ್ಸಿಗಳೆಲ್ಲ ಒಮ್ಮೆಲೆ ಎರಡು ಪಟ್ಟು ದೂರಕ್ಕೆ ಸರಿದವು. ಇಂದಿನ ಅಳತೆಯಂತೆ ಆಂಡ್ರೊಮಿಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ತಿದ್ದಿದ್ದರಿಂದ ಹಬಲ್‌ನ ಮರ್ಯಾದೆ ಹೋಗಲಿಲ್ಲ. ತಿದ್ದಲು ಬರುವಂತೆ ಲೆಕ್ಕ ಬರೆದಿಟ್ಟದ್ದೇ ಅವನ ದೊಡ್ಡತನ.

ಮೇಲಿನ ಮೆಟ್ಟಿಲುಗಳು

ಇನ್ನೂ ದೂರದ ಗೆಲಾಕ್ಸಿಗಳಲ್ಲಿ ಸೆಫೀಡ್ ಕೂಡ ಕಾಣುವುದಿಲ್ಲ. ಅಲ್ಲಿಗೆ ಇನ್ನೂ ದೊಡ್ಡ ದೀಪ ಬೇಕು. ಆ ದೀಪ ಸೂಪರ್‌ನೋವಾ, ಅಂದರೆ ಸ್ಫೋಟಿಸುವ ನಕ್ಷತ್ರ. ನಮ್ಮ ದೇಶದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು, ಶ್ವೇತ ಕುಬ್ಜ ಎಂಬ ಮುದಿ ನಕ್ಷತ್ರ ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ತೂಕ ಹೊರಲಾರದು ಎಂದು ಲೆಕ್ಕ ಹಾಕಿದ್ದರು. ಪಕ್ಕದ ನಕ್ಷತ್ರದಿಂದ ದ್ರವ್ಯ ಸೆಳೆದುಕೊಂಡು ಆ ಮಿತಿಯ ಹತ್ತಿರ ಬಂದಾಗ ಅದು ಒಮ್ಮೆಲೆ ಸ್ಫೋಟಿಸಬಹುದು. ಒಂದೇ ಬಗೆಯ ಸ್ಫೋಟ ಆದ್ದರಿಂದ ಪ್ರಕಾಶವೂ ಬಹುಮಟ್ಟಿಗೆ ಒಂದೇ ಇರುತ್ತದೆ. ನೂರಾರು ಕೋಟಿ ಸೂರ್ಯರನ್ನು ಒಟ್ಟಿಗೆ ಹಚ್ಚಿಟ್ಟಷ್ಟು! ಸ್ವಲ್ಪ ಹೆಚ್ಚುಕಡಿಮೆ ಇರುವುದನ್ನು, ಅದು ಎಷ್ಟು ಬೇಗ ಮಂಕಾಗುತ್ತದೆ ಎಂಬುದನ್ನು ರಾತ್ರಿ ರಾತ್ರಿ ನೋಡಿ ಸರಿಪಡಿಸುತ್ತಾರೆ. ಈ ದೀಪಗಳನ್ನು ಅಳೆದೇ 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ಕಂಡುಕೊಂಡರು. ಅದಕ್ಕೆ 2011ರ ನೊಬೆಲ್ ಪ್ರಶಸ್ತಿ ಬಂತು.

ಕೊನೆಯ ಮೆಟ್ಟಿಲು ಕೆಂಪು ಪಲ್ಲಟ. ಹಾರ್ನ್ ಹಾಕುತ್ತ ಲಾರಿ ನಮ್ಮನ್ನು ದಾಟಿ ಹೋದಾಗ ದನಿ ಇಳಿಯುತ್ತದೆ. ಹಾಗೆಯೇ ದೂರ ಸರಿಯುವ ಗೆಲಾಕ್ಸಿಯ ಬೆಳಕು ಕೆಂಪಿನ ಕಡೆಗೆ ಜಾರುತ್ತದೆ. 1927ರಲ್ಲಿ ಲೆಮೇತ್ರ್ ಎಂಬ ಪಾದ್ರಿ ವಿಜ್ಞಾನಿ, 1929ರಲ್ಲಿ ಹಬಲ್, ದೂರ ಹೆಚ್ಚಿದಂತೆ ಸರಿಯುವ ವೇಗವೂ ಹೆಚ್ಚು ಎಂದು ತೋರಿಸಿದರು. ಆದ್ದರಿಂದ ಅತಿ ದೂರದ ಗೆಲಾಕ್ಸಿಯ ಕೆಂಪು ಪಲ್ಲಟ ಅಳೆದರೆ ದೂರದ ಅಂದಾಜು ಸಿಗುತ್ತದೆ. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ, ವಿಶ್ವ ಹುಟ್ಟಿ 30 ಕೋಟಿ ವರ್ಷ ತುಂಬುವ ಮೊದಲೇ ಇದ್ದ ಗೆಲಾಕ್ಸಿಗಳನ್ನು ಹೀಗೆ ಗುರುತಿಸಿದೆ.

ಎಲ್ಲವೂ ಬಗೆಹರಿಯಿತು ಎಂದಲ್ಲ. ಸೆಫೀಡ್ ಮತ್ತು ಸೂಪರ್‌ನೋವಾ ಮೆಟ್ಟಿಲುಗಳಿಂದ ಹೋದರೆ, ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ವೇಗ ಸೆಕೆಂಡಿಗೆ ಸುಮಾರು 73 ಕಿ.ಮೀ. ಹೆಚ್ಚುತ್ತದೆ. ವಿಶ್ವದ ಆದಿಕಾಲದ ಬೆಳಕಿನಿಂದ ಲೆಕ್ಕ ಹಾಕಿದರೆ 67 ರಿಂದ 68 ಬರುತ್ತದೆ. ಈ ಅಂತರ ಏಕೆ ಎಂಬುದು ಇಂದಿಗೂ ಬಿಡಿಸದ ಲೆಕ್ಕ. ಮಕ್ಕಳೆ, ಈ ಲೆಕ್ಕ ನಿಮಗಾಗಿ ಉಳಿದಿದೆ.

ಹೊಸಕೋಟೆಯಿಂದ ಹಾನ್ಲೆಗೆ

ಇದೆಲ್ಲ ಅಮೆರಿಕದ ಮಾತು, ನಮಗೇನು ಎನ್ನಬೇಡಿರಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ವ್ಯಾಸದ ದೂರದರ್ಶಕ ಸ್ಥಾಪಿಸಿದ್ದಾರೆ. 2000ದ ಸೆಪ್ಟೆಂಬರಿನಲ್ಲಿ ಅದು ಮೊದಲ ಬೆಳಕು ಕಂಡಿತು. ಅದಕ್ಕೆ ಚಂದ್ರಶೇಖರ್ ಅವರದೇ ಹೆಸರು. ಅದನ್ನು ನಡೆಸುವುದು ಎಲ್ಲಿಂದ? ಬೆಂಗಳೂರು ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ. ಹೊಸಕೋಟೆಯ ಕೋಣೆಯಲ್ಲಿ ಕುಳಿತವರು ಹಿಮಾಲಯದ ದೂರದರ್ಶಕವನ್ನು ತಿರುಗಿಸಿ ಬೇರೆ ಗೆಲಾಕ್ಸಿಗಳ ಸೂಪರ್‌ನೋವಾಗಳನ್ನು ರಾತ್ರಿ ರಾತ್ರಿ ಅಳೆಯುತ್ತಾರೆ. ಈ ಕೆಲಸದಲ್ಲಿ ಹೆಸರು ಮಾಡಿದ ಡಾ. ಜಿ.ಸಿ. ಅನುಪಮಾ ಅವರು ಭಾರತೀಯ ಖಗೋಳ ಸಂಘದ ಮೊದಲ ಮಹಿಳಾ ಅಧ್ಯಕ್ಷೆ.

ಈ ಸಂಸ್ಥೆಯನ್ನು ಕಟ್ಟಿದವರು ವೈನು ಬಾಪ್ಪು. ಅವರ ಕಥೆಯನ್ನು ಈ ಸಭೆಗೆ ವಿಶೇಷವಾಗಿ ಹೇಳಬೇಕಾಗಿದೆ. 1901ರಲ್ಲಿ ಹೈದರಾಬಾದಿನ ನವಾಬ್ ಜಫರ್ ಜಂಗ್ ತಮ್ಮ ಸ್ವಂತ ಆಸಕ್ತಿಯಿಂದ, ಸ್ವಂತ ಹಣದಿಂದ ಇಂಗ್ಲೆಂಡಿನ ದೂರದರ್ಶಕ ತರಿಸಿ ಒಂದು ವೀಕ್ಷಣಾಲಯ ತೆರೆದರು. ಅದೇ ನಿಜಾಮಿಯಾ ವೀಕ್ಷಣಾಲಯ. ಅವರ ನಿಧನದ ನಂತರ ಅದನ್ನು ನಿಜಾಮ್ ಸರಕಾರ, ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯ ನಡೆಸಿದವು. ಅಲ್ಲಿ ನೌಕರಿ ಮಾಡುತ್ತಿದ್ದವರೊಬ್ಬರ ಮಗನೇ ವೈನು ಬಾಪ್ಪು. ತಂದೆಯ ಜೊತೆ ಆ ದೂರದರ್ಶಕ ನೋಡುತ್ತ ಬೆಳೆದ ಹುಡುಗ, ಹೈದರಾಬಾದ್ ಸರಕಾರದ ವಿದ್ಯಾರ್ಥಿ ವೇತನದಿಂದ 1949ರಲ್ಲಿ ಹಾರ್ವರ್ಡಿಗೆ ಹೋದ. ಲೆವಿಟ್ ಚುಕ್ಕೆ ಎಣಿಸಿದ್ದ ಅದೇ ಹಾರ್ವರ್ಡ್.

ಮುಂದೆ ಅವರು ಓಲಿನ್ ವಿಲ್ಸನ್ ಜೊತೆಗೂಡಿ 1957ರಲ್ಲಿ ಒಂದು ನಿಯಮ ಪ್ರಕಟಿಸಿದರು. ರೋಹಿಣಿಯಂಥ ಕೆಂಪು, ಹಳದಿ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿದರೆ ಅದರಲ್ಲಿ ಕ್ಯಾಲ್ಸಿಯಂ ಧಾತುವಿನ ಒಂದು ಗೆರೆ ಕಾಣುತ್ತದೆ. ಆ ಗೆರೆಯ ನಡುವಿನ ಹೊಳಪು ಎಷ್ಟು ಅಗಲವೋ ನಕ್ಷತ್ರದ ನಿಜ ಪ್ರಕಾಶ ಅಷ್ಟು ಹೆಚ್ಚು. ನಿಜ ಪ್ರಕಾಶ ತಿಳಿದರೆ ದೂರ ತಿಳಿದಂತೆ. ನಮ್ಮ ಆಕಾಶಗಂಗೆಯೊಳಗಿನ ನಕ್ಷತ್ರಗಳ ದೂರ ಹೇಳುವ ಇದನ್ನು ಜಗತ್ತು 'ವಿಲ್ಸನ್–ಬಾಪ್ಪು ಪರಿಣಾಮ' ಎನ್ನುತ್ತದೆ. ದೇಶಕ್ಕೆ ಮರಳಿದ ಬಾಪ್ಪು ಕೊಡೈಕೆನಾಲ್ ವೀಕ್ಷಣಾಲಯವನ್ನು ನಡೆಸಿದರು, ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. 1971ರಲ್ಲಿ ಖಭೌತ ಸಂಸ್ಥೆ ಸ್ವತಂತ್ರವಾಗಿ ನಿಂತಿತು. ಅವರು 1982ರಲ್ಲಿ ತೀರಿಕೊಂಡರು. ಕಾವಲೂರಿನ ವೀಕ್ಷಣಾಲಯಕ್ಕೆ ಇಂದು ಅವರ ಹೆಸರಿದೆ.

ಈಗ ಸರಪಳಿಯನ್ನು ನೋಡಿರಿ. ಒಬ್ಬ ನವಾಬರು ತಮ್ಮ ಹಣವನ್ನು ಒಂದು ದೂರದರ್ಶಕಕ್ಕೆ ಹಾಕಿದರು. ಅಲ್ಲಿ ಒಬ್ಬ ನೌಕರ ಹೊಟ್ಟೆಪಾಡು ಕಂಡ. ಅವನ ಮಗನಿಗೆ ಆಕಾಶದ ಹುಚ್ಚು ಹಿಡಿಯಿತು. ವಿದ್ಯಾರ್ಥಿ ವೇತನ ಅವನನ್ನು ದಾಟಿಸಿತು. ಆ ಹುಡುಗ ದೇಶಕ್ಕೆ ಒಂದು ಸಂಸ್ಥೆಯನ್ನೇ ಕಟ್ಟಿದ. ಜಫರ್ ಜಂಗ್ ಅವರಿಗೆ ಇದರ ಫಲ ನೋಡಲು ಸಿಗಲಿಲ್ಲ. ಆ ಹುಡುಗ ಅವರ ಮಗನೂ ಅಲ್ಲ, ಅವರ ಜಾತಿ ಧರ್ಮದವನೂ ಅಲ್ಲ. ಸದಕಾ ಏ ಜಾರಿಯಾ ಎಂದು ನಾವು ಹೇಳುವುದು ಇದನ್ನಲ್ಲದೆ ಇನ್ನೇನನ್ನು?

ನಾವು ಯಾವ ಮೆಟ್ಟಿಲ ಮೇಲಿದ್ದೇವೆ?

ಬಾಂಧವರೆ, ನಮ್ಮ ಸಭೆಗಳಲ್ಲಿ ಅಲ್ ಸೂಫಿ, ಅಲ್ ಬಿರೂನಿ, ಇಬ್ನುಲ್ ಹೈಸಮ್ ಅವರ ಹೆಸರು ಕೇಳಿದಾಗ ಚಪ್ಪಾಳೆ ಬೀಳುತ್ತದೆ. ಬೀಳಲಿ. ಆದರೆ ಅವರು ಕಟ್ಟಿದ್ದು ಮೆಟ್ಟಿಲು. ಮೆಟ್ಟಿಲು ಇರುವುದು ಹತ್ತಲು, ಅದರ ಮೇಲೆ ಕುಳಿತು ಬಿಡಲು ಅಲ್ಲ. ಅಲ್ ಸೂಫಿಯ ಮೋಡದ ದೂರವನ್ನು ಕಂಡುಹಿಡಿದದ್ದು ಅವನ ಹೆಸರು ಹೇಳಿಕೊಂಡವರಲ್ಲ, ಅವನ ಹಾಗೆ ರಾತ್ರಿ ಎದ್ದು ನೋಡಿದವರು. ಪವಿತ್ರ ಕುರ್‌ಆನ್ ಆಕಾಶಗಳ ರಚನೆಯ ಬಗ್ಗೆ ಚಿಂತಿಸಲು ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ಎಲ್ಲವೂ ಅದರಲ್ಲಿ ಮೊದಲೇ ಇದೆ ಎಂದು ಹೇಳಿ ಪುಸ್ತಕ ಮುಚ್ಚಿದರೆ ಆ ಕರೆಗೆ ಓಗೊಟ್ಟಂತೆ ಆಗಲಿಲ್ಲ.

ಮಗಳಿಗೆ ಸುರಯ್ಯಾ ಎಂದು ಹೆಸರಿಟ್ಟು ಹತ್ತನೆಯ ತರಗತಿಗೇ ಓದು ಬಿಡಿಸುವುದು ಯಾವ ನ್ಯಾಯ? ಆ ಸುರಯ್ಯಾ ನಕ್ಷತ್ರಪುಂಜದ ದೂರದ ಬಗ್ಗೆಯೇ ವಿಜ್ಞಾನಿಗಳಲ್ಲಿ ವರ್ಷಗಟ್ಟಲೆ ವಿವಾದವಿತ್ತು. ಒಂದು ಉಪಗ್ರಹದ ಅಳತೆ 390 ಜ್ಯೋತಿರ್ವರ್ಷದ ಆಸುಪಾಸು ಎಂದಿತು. ಬೇರೆ ಅಳತೆಗಳು, ನಂತರ ಗಾಯಾ ಉಪಗ್ರಹ, ಸುಮಾರು 440 ಎಂದು ಗಟ್ಟಿ ಮಾಡಿದವು. ಅದನ್ನು ಬಗೆಹರಿಸಿದ್ದು ಗಣಿತ ಬಲ್ಲ ಮಕ್ಕಳೇ. ಗಂಟೆಗೆ 30 ಸೆಂಟಿನ ಕೂಲಿಯ ಹೆಣ್ಣುಮಗಳೊಬ್ಬಳು ವಿಶ್ವದ ಅಳತೆಗೋಲು ಕೊಟ್ಟಳು ಎಂಬುದನ್ನು ಪಾಲಕರು ಮರೆಯಬಾರದು. ಪಿ.ಯು. ವಿಜ್ಞಾನ ಓದಲು ವಿಜಯಪುರದ ಬಸ್ಸು ಹತ್ತಬೇಕಾದ ಮಗಳಿಗೆ ಬಸ್‌ಪಾಸು, ಒಂದು ಗಣಿತದ ಟ್ಯೂಷನ್, ತಂದೆಯ ಒಂದು 'ಹೂಂ' ಸಾಕಾಗಬಹುದು. ನಮ್ಮ ಸಂಘ ವಿಜ್ಞಾನ ಓದುವ ಒಬ್ಬಿಬ್ಬರು ಮಕ್ಕಳಿಗಾದರೂ ಪ್ರತಿ ವರ್ಷ ವಿದ್ಯಾರ್ಥಿ ವೇತನ ಕೊಟ್ಟರೆ ಅದು ನಮ್ಮ ಕೈಲಾದ ಒಂದು ಮೆಟ್ಟಿಲು.

ಖರ್ಚಿಲ್ಲದ ಕೆಲಸವೂ ಒಂದಿದೆ. ನವೆಂಬರ್ ಇಲ್ಲವೆ ಡಿಸೆಂಬರ್ ತಿಂಗಳ ಅಮಾವಾಸ್ಯೆಯ ಆಸುಪಾಸು, ಇಶಾ ನಮಾಜು ಮುಗಿಸಿ, ಊರ ದೀಪಗಳಿಂದ ದೂರ ಹೊಲದ ಕಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಉತ್ತರಕ್ಕೆ ಮುಖ ಮಾಡಿ ನಿಂತು, ನೆತ್ತಿಗಿಂತ ಸ್ವಲ್ಪ ಕೆಳಗೆ ನೋಡಿರಿ. ಕಣ್ಣು ಕತ್ತಲೆಗೆ ಹೊಂದಲು ಹತ್ತು ಹದಿನೈದು ನಿಮಿಷ ಬಿಡಿ, ಮೊಬೈಲ್ ಜೇಬಿನಲ್ಲಿರಲಿ. ಮಸುಕಾದ, ಉದ್ದನೆಯ ಒಂದು ಮಚ್ಚೆ ಕಂಡರೆ ಅದೇ ಅಲ್ ಸೂಫಿಯ ಪುಟ್ಟ ಮೋಡ. ಅದರ ದೂರವನ್ನು ಮಕ್ಕಳಿಗೆ ಹೇಳಿ, ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳಿರಿ. ಉತ್ತರ ಪೂರ್ತಿ ಬರದಿದ್ದರೆ ಶಾಲೆಗೆ ಕಳಿಸಿರಿ, ಅಲ್ಲಿ ಕೂಡಿ ಓದೋಣ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನ ಕೊಡಲಿ, ಅದನ್ನು ಅರಸುವ ತಾಳ್ಮೆಯನ್ನೂ ಕೊಡಲಿ ಎಂದು ಪ್ರಾರ್ಥಿಸುತ್ತ ನನ್ನ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.